ಅರ್ಧ ಹಾದಿಯ ಅಂಕಪಟ್ಟಿ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಚೆಂಡು ಎಂದರೆ ಮೊದಲು ನೆನಪಾಗುವುದು ಆಟವಲ್ಲ, ಹೂವು. ಮುಂಗಾರಿನ ದಿನಗಳಲ್ಲಿ ಹೆದ್ದಾರಿಯ ಎರಡೂ ಬದಿಗೆ ಹಳದಿ, ಕಿತ್ತಳೆ ಬಣ್ಣದ ಚೆಂಡು ಹೂವಿನ ಹೊಲಗಳು ಅರಳಿ ನಿಲ್ಲುತ್ತವೆ. ಓಣಂ ಹತ್ತಿರವಾದಂತೆ ಹೂವಿನ ಲಾರಿಗಳು ಕೇರಳದತ್ತ ಸಾಗುತ್ತವೆ. ಆದರೆ ಇದೇ ರಾಷ್ಟ್ರೀಯ ಹೆದ್ದಾರಿ 766 ಇನ್ನೊಂದು ಚೆಂಡಿನ ನಾಡಿಗೂ ದಾರಿ. ಕೊಳ್ಳೇಗಾಲ, ಮೈಸೂರು, ಗುಂಡ್ಲುಪೇಟೆಯನ್ನು ಹಾದು ಬಂಡೀಪುರದ ಕಾಡು ದಾಟುವ ಈ ರಸ್ತೆ ವಯನಾಡಿನ ಮೂಲಕ ಕೋಯಿಕ್ಕೋಡ್ ಮುಟ್ಟುತ್ತದೆ. ಅದು ಫುಟ್‌ಬಾಲನ್ನು ಹಬ್ಬದಂತೆ ಆಚರಿಸುವ ಮಲಬಾರಿನ ಸೀಮೆ.

ಚಾಮರಾಜನಗರ ಜಿಲ್ಲೆಯಲ್ಲಿ ವೃತ್ತಿಪರ ಫುಟ್‌ಬಾಲ್ ಕ್ಲಬ್ ಇಲ್ಲ. ದೇಶದ ಅಗ್ರ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಈ ಗಡಿನಾಡಿಗೆ ನೆರೆಯವರು ಎನ್ನಬಹುದಾದ ಎರಡು ತಂಡಗಳೆಂದರೆ, ಒಂದು ದಿಕ್ಕಿಗೆ ಬೆಂಗಳೂರು ಎಫ್‌ಸಿ, ಇನ್ನೊಂದು ದಿಕ್ಕಿಗೆ ಕೊಚ್ಚಿಯ ಕೇರಳ ಬ್ಲಾಸ್ಟರ್ಸ್. ಈ ಎರಡು ತಂಡಗಳು 2022-23ರ ಋತುವಿನಲ್ಲಿ ಸಾಗಿದ ಹಾದಿಯನ್ನು ನೋಡಿದರೆ, ಪ್ರತಿ ವರ್ಷ ಋತುವಿನ ನಡುವೆ ಕ್ರೀಡಾಪುಟಗಳಲ್ಲಿ ಕಾಣುವ ಒಂದು ಪಟ್ಟಿಯ ಬಲವೂ ಮಿತಿಯೂ ಏಕಕಾಲಕ್ಕೆ ತಿಳಿಯುತ್ತವೆ. ‘ಇಲ್ಲಿಯವರೆಗೆ ಮಿಂಚಿದವರು, ನಿರಾಸೆ ಮೂಡಿಸಿದವರು’ ಎಂಬುದೇ ಆ ಪಟ್ಟಿ. ಅದು ಓದುಗರ ಹರಟೆಗೆ ಒಳ್ಳೆಯ ವಿಷಯ; ಆದರೆ ಆಟಗಾರನಿಗೆ, ತರಬೇತುದಾರನಿಗೆ ಅದು ಅನ್ನದ ಪ್ರಶ್ನೆ.

ನಾಕೌಟ್‌ನಿಂದ ಲೀಗ್‌ಗೆ

ಋತುವಿನ ನಡುವೆ ತೀರ್ಪು ಹೇಳುವ ಪದ್ಧತಿ ಕನ್ನಡ ನಾಡಿನ ಫುಟ್‌ಬಾಲ್‌ಗೆ ಹಳೆಯದಲ್ಲ. ಹಿಂದಿನ ದೊಡ್ಡ ಹೆಸರುಗಳೆಲ್ಲ ನಾಕೌಟ್ ಪಂದ್ಯಾವಳಿಗಳಿಂದ ಬಂದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದು, ಬ್ರಿಟಿಷ್ ಸೇನಾ ತಂಡಗಳ ಪಾರಮ್ಯವಿದ್ದ ಆ ಕಪ್ಪನ್ನು ಭಾರತೀಯರ ಕೈಗೆ ತಂದಿತು. ಮೈಸೂರು ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಇಂಥ ಪಂದ್ಯಾವಳಿಗಳಲ್ಲಿ ‘ಅರ್ಧ ಹಾದಿ’ ಎಂಬುದಕ್ಕೆ ಅರ್ಥವೇ ಇರಲಿಲ್ಲ. ಸೋತವರು ಊರಿಗೆ ಹೊರಡುತ್ತಿದ್ದರು, ಗೆದ್ದವರು ಮುಂದಿನ ಪಂದ್ಯಕ್ಕೆ ಸಜ್ಜಾಗುತ್ತಿದ್ದರು. ಮಲಬಾರಿನ ಏಳು ಜನರ ಆಟ ‘ಸೆವೆನ್ಸ್’ನಲ್ಲಿ ಇಂದಿಗೂ ಲೆಕ್ಕ ಹೀಗೆಯೇ, ಅಲ್ಲಿ ಆಟಗಾರನ ಬೆಲೆ ನಿರ್ಧಾರವಾಗುವುದು ಒಂದೊಂದು ರಾತ್ರಿಯ ಆಟದಿಂದ.

ಲೀಗ್ ಪದ್ಧತಿಯ ಗುಣವೇ ಬೇರೆ. ಇಂಗ್ಲೆಂಡಿನಲ್ಲಿ 1888ರಲ್ಲಿ ಆರಂಭವಾದ ಫುಟ್‌ಬಾಲ್ ಲೀಗ್, ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಂದಿಗೆ ಎರಡು ಬಾರಿ ಆಡುವ ಕ್ರಮವನ್ನು ರೂಢಿಗೆ ತಂದಿತು. ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ. ಎಲ್ಲರನ್ನೂ ಒಮ್ಮೆ ಎದುರಿಸಿ ಮುಗಿದಾಗ ಬರುವುದೇ ಋತುವಿನ ನಡು. ನಮ್ಮಲ್ಲಿ 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್, 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದ ಮೇಲೆ ಈ ಲೆಕ್ಕಾಚಾರವೂ ಜೊತೆಗೆ ಬಂತು. ಶಾಲೆಯ ಅರ್ಧವಾರ್ಷಿಕ ಪರೀಕ್ಷೆಯಂತೆ ಇದೂ ಒಂದು ಅಂಕಪಟ್ಟಿ. ವ್ಯತ್ಯಾಸವೆಂದರೆ, ಶಾಲೆಯಲ್ಲಿ ಅರ್ಧವಾರ್ಷಿಕದಲ್ಲಿ ಹಿಂದೆ ಬಿದ್ದ ಹುಡುಗನನ್ನು ಹೊರಗೆ ಹಾಕುವುದಿಲ್ಲ.

ಹತ್ತು ಮತ್ತು ಇಪ್ಪತ್ತನಾಲ್ಕು

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದು, 2018-19ರಲ್ಲಿ ಸೂಪರ್ ಲೀಗ್ ಪ್ರಶಸ್ತಿಯನ್ನೂ ಪಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿ ತಂಡವನ್ನು 2-1ರಿಂದ ಮಣಿಸಿ ಡ್ಯುರಾಂಡ್ ಕಪ್ ಎತ್ತಿತು. ಹೀಗಾಗಿ ಆ ಅಕ್ಟೋಬರ್‌ನಲ್ಲಿ ಸೂಪರ್ ಲೀಗ್ ಆರಂಭವಾದಾಗ ನಿರೀಕ್ಷೆ ದೊಡ್ಡದಿತ್ತು.

ಆಗ ಲೀಗ್‌ನಲ್ಲಿ 11 ತಂಡಗಳಿದ್ದವು. ಪ್ರತಿ ತಂಡಕ್ಕೆ 20 ಪಂದ್ಯ. ಡಿಸೆಂಬರ್ 17ರ ಹೊತ್ತಿಗೆ ಬೆಂಗಳೂರು ತಂಡ ಹತ್ತೂ ಎದುರಾಳಿಗಳನ್ನು ಒಮ್ಮೆ ಎದುರಿಸಿತ್ತು. ಗೆಲುವು ಮೂರು, ಡ್ರಾ ಒಂದು, ಸೋಲು ಆರು; ಒಟ್ಟು 10 ಅಂಕ. ಹೊಡೆದ ಗೋಲು 7, ಬಿಟ್ಟುಕೊಟ್ಟದ್ದು 12. ಕೇರಳ ಬ್ಲಾಸ್ಟರ್ಸ್ ಅದೇ ಹತ್ತು ಪಂದ್ಯಗಳಿಂದ 19 ಅಂಕ ಗಳಿಸಿತ್ತು. ಡಿಸೆಂಬರ್ 11ರಂದು ಕೊಚ್ಚಿಯಲ್ಲಿ ಬೆಂಗಳೂರಿನ ವಿರುದ್ಧವೂ ಅದು 3-2ರಿಂದ ಗೆದ್ದಿತ್ತು. ಮುಂದಿನ ಎರಡು ಪಂದ್ಯಗಳಲ್ಲಿ ಅಂತರ ಇನ್ನಷ್ಟು ಬೆಳೆಯಿತು. ಕೇರಳ ಎರಡನ್ನೂ ಗೆದ್ದು 25 ಅಂಕಕ್ಕೆ ಏರಿದರೆ, ಬೆಂಗಳೂರು ಎರಡನ್ನೂ ಸೋತು 10ರಲ್ಲೇ ನಿಂತಿತು.

ಆ ಹೊತ್ತಿನಲ್ಲಿ ಪಟ್ಟಿ ಬರೆದವರು ಯಾರೇ ಆಗಿದ್ದರೂ ಕೇರಳವನ್ನು ಮಿಂಚಿದವರ ಸಾಲಿನಲ್ಲೂ ಬೆಂಗಳೂರನ್ನು ನಿರಾಸೆಯ ಸಾಲಿನಲ್ಲೂ ಇಡುತ್ತಿದ್ದರು. ಅದು ತಪ್ಪೂ ಆಗುತ್ತಿರಲಿಲ್ಲ. ಅಂಕಗಳು ಹೇಳುತ್ತಿದ್ದುದೇ ಅದನ್ನು.

2023ರ ಜನವರಿ 6ರಂದು ಬೆಂಗಳೂರು ತಂಡ ನಾರ್ತ್ ಈಸ್ಟ್ ಯುನೈಟೆಡ್ ವಿರುದ್ಧ 2-1ರಿಂದ ಗೆದ್ದಿತು. ಗೆಲುವಿನ ಗೋಲು ಬಂದದ್ದು ಪಂದ್ಯ ಮುಗಿಯುವ ಕೊನೆಯ ಗಳಿಗೆಯಲ್ಲಿ, ಅದೂ ರಕ್ಷಣಾ ಆಟಗಾರ ಅಲನ್ ಕೋಸ್ಟಾ ಅವರಿಂದ. ಆ ಮೇಲೆ ತಂಡ ಸೋಲಲೇ ಇಲ್ಲ. ಒಡಿಶಾ, ಜಮ್ಶೆಡ್‌ಪುರ, ಚೆನ್ನೈಯಿನ್, ಎಟಿಕೆ ಮೋಹನ್ ಬಾಗನ್, ಕೇರಳ, ಮುಂಬೈ, ಗೋವಾ ಹೀಗೆ ಸಾಲಾಗಿ ಎಲ್ಲರನ್ನೂ ಸೋಲಿಸಿ, ಸತತ ಎಂಟು ಗೆಲುವಿನೊಂದಿಗೆ ಲೀಗ್ ಹಂತ ಮುಗಿಸಿತು. ಅದೇ ಹತ್ತು ಎದುರಾಳಿಗಳ ವಿರುದ್ಧ ಮೊದಲ ಸುತ್ತಿನಲ್ಲಿ 10 ಅಂಕ, ಎರಡನೇ ಸುತ್ತಿನಲ್ಲಿ 24. ಗೋಲುಗಳು 7ರಿಂದ 20ಕ್ಕೆ ಏರಿದವು. ಅಂತಿಮವಾಗಿ ಬೆಂಗಳೂರು 34 ಅಂಕದೊಂದಿಗೆ ನಾಲ್ಕನೆಯ ಸ್ಥಾನ ಪಡೆಯಿತು. ಎರಡನೇ ಸುತ್ತಿನಲ್ಲಿ 12 ಅಂಕ ಮಾತ್ರ ಗಳಿಸಿದ ಕೇರಳ 31 ಅಂಕದೊಂದಿಗೆ ಐದನೆಯ ಸ್ಥಾನಕ್ಕೆ ಇಳಿಯಿತು.

ನಾಲ್ಕು ಮತ್ತು ಐದನೆಯ ಸ್ಥಾನದವರು ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಪ್ಲೇಆಫ್ ಪಂದ್ಯಕ್ಕೆ ಎದುರಾದರು. ನಿಗದಿತ ಅವಧಿಯಲ್ಲಿ ಗೋಲು ಬರಲಿಲ್ಲ. ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ, ಎದುರಾಳಿ ಆಟಗಾರರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ಕೇರಳದ ತರಬೇತುದಾರ ಇವಾನ್ ವುಕೊಮಾನೊವಿಚ್ ಪ್ರತಿಭಟಿಸಿ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ಪಂದ್ಯ ಬೆಂಗಳೂರಿಗೆ ಒಲಿಯಿತು. ಮುಂದೆ ಫೆಡರೇಷನ್ ಕೇರಳ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ವಿಧಿಸಿತು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ರಾತ್ರಿಯ ಪಂದ್ಯ ನೋಡಿ ಈ ದಾರಿಯಲ್ಲಿ ವಯನಾಡಿಗೆ ಮರಳಬೇಕಾದವರು ಬೆಳಗಾಗುವವರೆಗೆ ಕಾಡಿನ ಈಚೆಗೇ ಕಾಯಬೇಕು.

ಬೆಂಗಳೂರು ತಂಡ ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9-8ರಿಂದ ಸೋಲಿಸಿತು. ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ನಡೆದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್ ಜೊತೆ 2-2ರಲ್ಲಿ ಸಮ ಮಾಡಿಕೊಂಡು, ಶೂಟೌಟ್‌ನಲ್ಲಿ 3-4ರಿಂದ ಸೋತಿತು.

ಎರಡು ಸಾಲು, ಕೆಲವು ಹೆಸರು

ತಂಡಗಳ ಕಥೆ ಹೀಗಾದರೆ, ಆಟಗಾರರ ಕಥೆ ಇನ್ನೂ ಸೂಕ್ಷ್ಮ. ಆ ಋತುವಿಗೆ ಬೆಂಗಳೂರು ತಂಡ ಸೇರಿದ ಫಿಜಿ ದೇಶದ ರಾಯ್ ಕೃಷ್ಣ, 2019-20ರಲ್ಲಿ 15 ಗೋಲು, 2020-21ರಲ್ಲಿ 14 ಗೋಲು ಹೊಡೆದು ಹೆಸರಾದವರು. ತಂಡವೇ ಹತ್ತು ಪಂದ್ಯಗಳಲ್ಲಿ ಏಳು ಗೋಲು ಹೊಡೆದಾಗ ಮೊದಲು ಬೆರಳು ತೋರುವುದು ಮುನ್ಪಡೆಯ ಆಟಗಾರನ ಕಡೆಗೇ. ಆದರೆ 2023ರ ಫೆಬ್ರುವರಿ 5ರಂದು ಕೋಲ್ಕತ್ತದಲ್ಲಿ ತಮ್ಮ ಹಳೆಯ ತಂಡದ ವಿರುದ್ಧದ 2-1ರ ಗೆಲುವಿನಲ್ಲಿ ಒಂದು ಗೋಲು ಅವರದು. ಆರು ದಿನಗಳ ನಂತರ ಕೇರಳದ ವಿರುದ್ಧ ಬಂದ ಏಕೈಕ ಗೋಲೂ ಅವರದೇ.

ಇನ್ನೊಬ್ಬರು ತಮಿಳುನಾಡಿನ ಯುವಕ ಶಿವಶಕ್ತಿ ನಾರಾಯಣನ್. ಎರಡನೇ ಸುತ್ತಿನಲ್ಲಿ ತರಬೇತುದಾರ ಸೈಮನ್ ಗ್ರೇಸನ್ ಇವರನ್ನು ಕೃಷ್ಣ ಅವರ ಜೊತೆಗೆ ಮುನ್ಪಡೆಯಲ್ಲಿ ಆಡಿಸಿ, ನಾಯಕ ಚೆಟ್ರಿ ಅವರನ್ನು ಬದಲಿ ಆಟಗಾರನಾಗಿ ಕೂರಿಸಿದರು. ಚೆನ್ನೈಯಿನ್ ವಿರುದ್ಧ ಎರಡು, ಗೋವಾ ವಿರುದ್ಧ ಎರಡು ಗೋಲು ಹೊಡೆದ ಶಿವಶಕ್ತಿ ಋತುವಿನ ಕೊನೆಗೆ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು.

ಆಗ 38 ವರ್ಷದ ಚೆಟ್ರಿ, ದೇಶದ ಅತಿ ಹೆಚ್ಚು ಗೋಲುಗಳ ಸರದಾರ. ಅಂಥವರು ಬೆಂಚಿನ ಮೇಲೆ ಕುಳಿತರೆ ‘ಇವರ ಕಾಲ ಮುಗಿಯಿತು’ ಎನ್ನುವುದು ಸುಲಭ. ಆದರೆ ಕಂಠೀರವದ ಆ ಫ್ರೀ ಕಿಕ್ ಬದಲಿ ಆಟಗಾರನಾಗಿ ಬಂದು ಒದ್ದದ್ದು. ಮುಂಬೈ ವಿರುದ್ಧದ ಮೊದಲ ಸೆಮಿಫೈನಲ್‌ನ ಏಕೈಕ ಗೋಲೂ ಹಾಗೆಯೇ ಬಂತು. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ ಅವರು, ಆ ವರ್ಷದ ಡಿಸೆಂಬರ್ 7ರಂದು ಇದೇ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದರು. 2024-25ರ ಲೀಗ್‌ನಲ್ಲಿ ಅವರು ಹೊಡೆದದ್ದು 14 ಗೋಲು. ಅಷ್ಟು ಗೋಲು ಹೊಡೆದ ಬೇರೆ ಭಾರತೀಯ ಆಟಗಾರ ಆ ಋತುವಿನಲ್ಲಿ ಇರಲಿಲ್ಲ. 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡಕ್ಕೂ ಮರಳಿದರು.

ಮಿಂಚಿದವರ ಸಾಲಿನಲ್ಲೂ ಒಂದು ಪಾಠವಿದೆ. ಬ್ರೆಜಿಲ್‌ನ ಕ್ಲೇಟನ್ ಸಿಲ್ವಾ 2022ರವರೆಗೆ ಬೆಂಗಳೂರಿನ ಆಟಗಾರ. ಈಸ್ಟ್ ಬೆಂಗಾಲ್ ಸೇರಿದ ಅವರು ಹಳೆಯ ತಂಡದ ವಿರುದ್ಧ ಎರಡು ಪಂದ್ಯಗಳಲ್ಲಿ ಮೂರು ಗೋಲು ಹೊಡೆದು ಎರಡನ್ನೂ ಗೆಲ್ಲಿಸಿದರು. ಋತುವಿನಲ್ಲಿ ಅವರ ಒಟ್ಟು ಗೋಲು 12. ಆದರೂ ಈಸ್ಟ್ ಬೆಂಗಾಲ್ ಮುಗಿಸಿದ್ದು ಒಂಬತ್ತನೆಯ ಸ್ಥಾನದಲ್ಲಿ. ಒಬ್ಬ ಆಟಗಾರನ ಮಿಂಚು ಇಡೀ ತಂಡದ ಕತ್ತಲೆಯನ್ನು ಕಳೆಯುವುದಿಲ್ಲ. ಮುಂಬೈ ಸಿಟಿ ಮೊದಲ 18 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೀಗ್ ಹಂತದ ಶೀಲ್ಡ್ ಗೆದ್ದಿತು. ಆದರೂ ಅದಕ್ಕೆ ಫೈನಲ್ ಸಿಗಲಿಲ್ಲ.

ಜುಲೈ ಮಳೆ, ಅಕ್ಟೋಬರ್ ಮಳೆ

ತೀರ್ಪು ಹೀಗೆ ತಲೆಕೆಳಗಾಗುವುದೇಕೆ? ಚಾಮರಾಜನಗರದ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಈ ಜಿಲ್ಲೆ ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿದೆ. ಇಲ್ಲಿ ಮೇ ತಿಂಗಳಲ್ಲಿ ಒಂದಷ್ಟು, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಂದಷ್ಟು ಒಳ್ಳೆಯ ಮಳೆಯಾಗುತ್ತದೆ. ಕೊಡಗು, ವಯನಾಡು ತೊಯ್ದು ತೊಪ್ಪೆಯಾಗುವ ಜುಲೈಯಲ್ಲಿ ಇಲ್ಲಿ ಬರಿ ಗಾಳಿ, ಮೋಡ. ಜುಲೈ ಕೊನೆಗೆ ನಿಂತು ವರ್ಷದ ಮಳೆಯನ್ನು ಅಳೆದರೆ ಲೆಕ್ಕ ಸರಿಯಾಗಿಯೇ ಇರುತ್ತದೆ, ತೀರ್ಮಾನ ತಪ್ಪುತ್ತದೆ. ಫುಟ್‌ಬಾಲ್‌ನಲ್ಲೂ ಅಂಕ ಸುಳ್ಳಲ್ಲ; ಅದರಿಂದ ಮುಂದಿನದನ್ನು ಊಹಿಸುವಾಗ ಎಡವುತ್ತೇವೆ.

ಮೊದಲ ಕಾರಣ, ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ. ಕ್ರಿಕೆಟ್‌ನಲ್ಲಿ ಒಂದು ಇನಿಂಗ್ಸ್‌ಗೆ ನೂರಾರು ಎಸೆತಗಳಿರುತ್ತವೆ. ಅದೃಷ್ಟ, ದುರದೃಷ್ಟಗಳು ಒಂದಕ್ಕೊಂದು ಸರಿಹೋಗಲು ಅವಕಾಶವಿದೆ. ಇಲ್ಲಿ ಒಂದು ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಗುವುದೋ ಹೊರಗೆ ಬರುವುದೋ ಎಂಬುದರ ಮೇಲೆ ಎರಡು ಅಂಕ ನಿಂತಿರುತ್ತದೆ. ಬೆಂಗಳೂರು ತಂಡದ ಮೊದಲ ಸುತ್ತಿನ ಆರು ಸೋಲುಗಳಲ್ಲಿ ಐದು ಒಂದೇ ಗೋಲಿನ ಅಂತರದವು. ಹಾಗೆಯೇ ಎಂಟು ಗೆಲುವುಗಳ ಸರಣಿ ಆರಂಭವಾದದ್ದೂ ಕೊನೆಯ ಗಳಿಗೆಯ ಒಂದು ಗೋಲಿನಿಂದ.

ಎರಡನೆಯದು, ಅತಿ ಎತ್ತರದ ಅಥವಾ ಅತಿ ಕೆಳಗಿನ ಅಳತೆ ಸರಾಸರಿಯತ್ತ ಮರಳುವ ಪ್ರವೃತ್ತಿ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ, ಬಹಳ ಎತ್ತರದ ತಂದೆತಾಯಿಯರ ಮಕ್ಕಳು ಸರಾಸರಿ ಲೆಕ್ಕದಲ್ಲಿ ಅಷ್ಟು ಎತ್ತರವಾಗಿರುವುದಿಲ್ಲ ಎಂದು ತೋರಿಸಿದ್ದರು. ಹತ್ತು ಪಂದ್ಯಗಳಲ್ಲಿ ತನ್ನ ಶಕ್ತಿ ಮೀರಿ ಗೋಲು ಹೊಡೆದವನ ವೇಗ ಮುಂದೆ ತುಸು ತಗ್ಗುವುದು, ಬರಗಾಲದಲ್ಲಿದ್ದವನಿಗೆ ಗೋಲು ದೊರೆಯುವುದು ಇದೇ ನಿಯಮದಂತೆ.

ಮೂರನೆಯದು, ನಿರಾಸೆ ಎಂಬುದು ಆಟದ ಅಳತೆಯಲ್ಲ, ನಿರೀಕ್ಷೆಯ ಅಳತೆ. ಇಂಗ್ಲೆಂಡಿನ ಲೆಸ್ಟರ್ ಸಿಟಿ 2014ರ ಕ್ರಿಸ್ಮಸ್‌ನಲ್ಲಿ ಲೀಗ್‌ನ ಕಟ್ಟಕಡೆಯ ಸ್ಥಾನದಲ್ಲಿತ್ತು. ಆ ಋತುವಿನಲ್ಲಿ ಅದರ ಮುನ್ಪಡೆ ಆಟಗಾರ ಜೇಮಿ ವಾರ್ಡಿ ಹೊಡೆದದ್ದು 5 ಗೋಲು. ಮುಂದಿನ ಋತುವಿನಲ್ಲಿ ಅವರು 24 ಗೋಲು ಹೊಡೆದರು. ತಂಡ 2016ರಲ್ಲಿ ಚಾಂಪಿಯನ್ ಆಯಿತು. ಹೆಸರಿಲ್ಲದ ವಾರ್ಡಿಯ ಐದು ಗೋಲು ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ಹೆಸರಾಂತ ಆಟಗಾರನ ಐದು ಗೋಲು ಮಾತ್ರ ದೊಡ್ಡ ಸುದ್ದಿಯಾಗುತ್ತದೆ.

ಕೋಚ್ ಬದಲಾದರೆ ಫಲ ಬದಲಾಗುವುದೇ?

ಅರ್ಧ ಹಾದಿಯ ತೀರ್ಪಿಗೆ ಮೊದಲು ಬಲಿಯಾಗುವವರು ತರಬೇತುದಾರರು. ಬೆಂಗಳೂರು ಕ್ಲಬ್‌ನ ಇತಿಹಾಸದಲ್ಲೇ ಇದಕ್ಕೆ ಹೋಲಿಸಿ ನೋಡಬಹುದಾದ ಮೂರು ಋತುಗಳಿವೆ.

2018-19ರ ಪ್ರಶಸ್ತಿ ಗೆಲ್ಲಿಸಿದ ಕಾರ್ಲೆಸ್ ಕ್ವಾದ್ರಾತ್ ಅವರನ್ನು ಕ್ಲಬ್ 2021ರ ಜನವರಿ 6ರಂದು ಬಿಡುಗಡೆ ಮಾಡಿತು. ಆಗ ತಂಡ 9 ಪಂದ್ಯಗಳಿಂದ 12 ಅಂಕ ಗಳಿಸಿ, ಸತತ ಮೂರು ಪಂದ್ಯ ಸೋತಿತ್ತು. ಕೋಚ್ ಬದಲಾದರೂ ತಂಡ ಮುಗಿಸಿದ್ದು ಏಳನೆಯ ಸ್ಥಾನದಲ್ಲಿ. 2022-23ರಲ್ಲಿ ಸ್ಥಿತಿ ಅದಕ್ಕಿಂತ ಕೆಟ್ಟದಿತ್ತು. ಆದರೂ ಕ್ಲಬ್ ಗ್ರೇಸನ್ ಅವರನ್ನು ಉಳಿಸಿಕೊಂಡಿತು. ತಂಡ ಫೈನಲ್ ತಲುಪಿತು. ಮರು ವರ್ಷ ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು ಕಂಡು, ಮುಂಬೈಗೆ ತವರಿನಲ್ಲೇ 0-4ರಿಂದ ಸೋತಾಗ, 2023ರ ಡಿಸೆಂಬರ್ 9ರಂದು ಅದೇ ಗ್ರೇಸನ್ ಅವರನ್ನು ಕೈಬಿಡಲಾಯಿತು. ಸ್ಪೇನ್‌ನ ಜೆರಾರ್ಡ್ ಝರಗೋಝಾ ಬಂದರು. ಆ ಋತುವಿನಲ್ಲಿ ತಂಡಕ್ಕೆ ದಕ್ಕಿದ್ದು 12 ತಂಡಗಳ ಪೈಕಿ ಹತ್ತನೆಯ ಸ್ಥಾನ.

ಹಾಗೆಂದು ಕೋಚ್‌ಗಳನ್ನು ಬದಲಿಸಲೇಬಾರದು ಎಂದೂ ಹೇಳಲಾಗದು. ಹತ್ತನೆಯ ಸ್ಥಾನದ ನಂತರವೂ ಕ್ಲಬ್ ಝರಗೋಝಾ ಅವರ ಮೇಲೆ ವಿಶ್ವಾಸವಿಟ್ಟಿತು. 2024-25ರಲ್ಲಿ ತಂಡ ಮೂರನೆಯ ಸ್ಥಾನ ಪಡೆದು, 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗನ್‌ಗೆ ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತಿತು. ನಡುವಿನಲ್ಲಿ ಮಾಡಿದ ಬದಲಾವಣೆಯ ಫಲ ಅದೇ ಋತುವಿನಲ್ಲಿ ಸಿಗುತ್ತದೆ ಎಂಬ ಖಾತರಿ ಇಲ್ಲ ಎಂಬುದಷ್ಟನ್ನೇ ಈ ವರ್ಷಗಳು ಹೇಳುತ್ತವೆ.

ಪಟ್ಟಿಯ ಹಿಂದಿನ ಬದುಕು

ಜನವರಿಯಲ್ಲಿ ಆಟಗಾರರ ವರ್ಗಾವಣೆಗೆ ಅವಕಾಶ ತೆರೆಯುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಎರವಲು ಕೊಡಬೇಕು, ಯಾರ ಒಪ್ಪಂದ ಮುರಿಯಬೇಕು ಎಂಬ ನಿರ್ಧಾರಗಳು ಅರ್ಧ ಋತುವಿನ ಅಂಕಿಅಂಶ ನೋಡಿಯೇ ಆಗುವುದುಂಟು. ಹೆಸರಾಂತ ಮುನ್ಪಡೆ ಆಟಗಾರನಿಗೆ ಇನ್ನೊಂದು ಕ್ಲಬ್ ಸಿಗಬಹುದು. ಇಪ್ಪತ್ತೊಂದರ ಹುಡುಗನೊಬ್ಬ ನಾಲ್ಕು ಪಂದ್ಯಗಳಲ್ಲಿ ಬದಲಿಯಾಗಿ ಹತ್ತು ಹತ್ತು ನಿಮಿಷ ಆಡಿ ಗೋಲು ಹೊಡೆಯದಿದ್ದರೆ, ಅವನ ಹೆಸರು ‘ನಿರಾಸೆ’ಯ ಸಾಲಿಗೂ ಬಾರದೆ ಮಾಯವಾಗುತ್ತದೆ.

ಭಾರತದಲ್ಲಿ ಈ ಬದುಕು ಇನ್ನೂ ತೆಳುವಾದ ಎಳೆಯ ಮೇಲೆ ನಿಂತಿದೆ. ಲೀಗ್ ನಡೆಸುವ ಸಂಸ್ಥೆ ಮತ್ತು ಫೆಡರೇಷನ್ ನಡುವಿನ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯಲಿದ್ದ ಕಾರಣ, ಅದೇ ವರ್ಷದ ಜುಲೈನಲ್ಲಿ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದೆ ಫೈನಲ್ ಆಡಿದ್ದ ತಂಡವದು.

ಪಟ್ಟಿಗಳ ಕಣ್ಣಿಗೆ ಬೀಳದೆ ಮಿಂಚಿದವರೂ ಇದ್ದಾರೆ. ಕಂಠೀರವದಲ್ಲಿ ಆ ಫ್ರೀ ಕಿಕ್ ಗದ್ದಲ ನಡೆದ ಮರುದಿನ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯದ ಹೆಸರಿನಲ್ಲಿ ಕೊನೆಯ ಬಾರಿ ಗೆದ್ದು 54 ವರ್ಷಗಳಾಗಿದ್ದವು. ಗೋಲು ಹೊಡೆದ ಎಂ. ಸುನಿಲ್ ಕುಮಾರ್, ಬೆಕೆ ಓರಮ್, ರಾಬಿನ್ ಯಾದವ್ ಅವರ ಹೆಸರು ಅಲ್ಲಿಯವರೆಗೆ ಸೂಪರ್ ಲೀಗ್‌ನ ಪ್ರೇಕ್ಷಕರಿಗೆ ಪರಿಚಿತವಾಗಿರಲಿಲ್ಲ.

ಓದುವ ಬಗೆ

ಹಾಗಾದರೆ ಇಂಥ ಪಟ್ಟಿಗಳನ್ನು ಬದಿಗಿಡಬೇಕೇ? ಬೇಕಿಲ್ಲ. ಓದುವಾಗ ಕೆಲವು ಪ್ರಶ್ನೆ ಕೇಳಿಕೊಂಡರೆ ಸಾಕು. ಆಟಗಾರ ಎಷ್ಟು ಪಂದ್ಯ ಆಡಿದ ಎನ್ನುವುದಕ್ಕಿಂತ ಎಷ್ಟು ನಿಮಿಷ ಆಡಿದ? ಗೋಲುಗಳಲ್ಲಿ ಪೆನಾಲ್ಟಿಗಳೆಷ್ಟು? ಗೋಲು ಹೊಡೆಯದಿದ್ದರೂ ಅವಕಾಶಗಳ ಹತ್ತಿರ ಬರುತ್ತಿದ್ದಾನೆಯೇ? ಗಾಯದಿಂದ ಮರಳಿದವನೇ? ಎದುರಾದ ತಂಡಗಳು ಬಲಿಷ್ಠವೇ, ದುರ್ಬಲವೇ? ರಕ್ಷಣಾ ಆಟಗಾರರು, ಗೋಲ್‌ಕೀಪರ್‌ಗಳ ಕೆಲಸ ಅಂಕಿಗಳಲ್ಲಿ ಕಾಣುವುದು ಕಡಿಮೆ. ಅವರ ತಪ್ಪು ಮಾತ್ರ ಎದ್ದು ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿರಾಸೆ ಎಂದಾಗ ಅದು ಯಾರ ನಿರೀಕ್ಷೆಗೆ ಹೋಲಿಸಿದ ನಿರಾಸೆ?

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಹತ್ತು ಅಂಕಗಳನ್ನು ಈ ಪ್ರಶ್ನೆಗಳೊಂದಿಗೆ ನೋಡಿದ್ದರೂ ಎಂಟು ಗೆಲುವುಗಳನ್ನು ಯಾರೂ ಮುಂಗಾಣುತ್ತಿರಲಿಲ್ಲ. ಆದರೆ ಒಂದೇ ಗೋಲಿನಿಂದ ಸೋತ ಐದು ಪಂದ್ಯಗಳು ಕಣ್ಣಿಗೆ ಬೀಳುತ್ತಿದ್ದವು. ತಂಡ ಮುಳುಗಿಹೋಗಿದೆ ಎಂದು ಬರೆಯುವ ಕೈ ಒಂದು ಕ್ಷಣ ತಡೆಯುತ್ತಿತ್ತು.